ಆಟದಲ್ಲಿ ನೀರು ಮುಟ್ಟದ ಊರು

2003ರ ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂ ಕಾಲರ ಹೊತ್ತಿಗೆ, ನಾನು ಗೋಕಾಕದ ಬಸ್ ನಿಲ್ದಾಣದ ಹಿಂದಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ಸಾಲಿನ ಮೂರನೆಯ ಕಂಪ್ಯೂಟರಿನ ಎಡಬದಿಗೆ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ನನ್ನ ಮುಂದೆ ಕುರ್ಚಿಯಲ್ಲಿ ಮೂಡಲಗಿಯಿಂದ ಬಂದ ವರದಿಗಾರರು ಕೂತಿದ್ದರು. ಅವರ ಹಿಂದೆ ಗೋಕಾಕದ ಇಬ್ಬರು, ಹುಕ್ಕೇರಿಯ ಒಬ್ಬರು ವರದಿಗಾರರು ನಿಂತಿದ್ದರು. ಬಾಗಿಲ ಬಳಿ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಮಾಲೀಕರು. ಪರದೆಯ ಮೇಲೆ ಏನು ಮೂಡಿತು, ಯಾರು ಏನು ಕೇಳಿದರು, ನಾನು ಏನು ಹೇಳಿದೆ ಎನ್ನುವುದನ್ನು ಆಮೇಲೆ ಹಲವರು ಹಲವು ರೀತಿ ಹೇಳಿದ್ದಾರೆ. ನಾನು ನಿಂತಲ್ಲಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅಂದು ತೋರಿಸುತ್ತಿದ್ದದ್ದು 'ನೀರಿನ ಪಾಳಿ' ಎಂಬ ನಮ್ಮ ಕಂಪ್ಯೂಟರ್ ಆಟದ ಎರಡನೆಯ ಭಾಗವನ್ನು. ಮೊದಲ ಭಾಗವನ್ನು ಎರಡು ವರ್ಷದ ಹಿಂದೆ ಕೇಂದ್ರದಲ್ಲಿ ಕಲಿಸುತ್ತಲೇ ಮಾಡಿದ್ದೆ. ಒಂದು ಕಾಲುವೆ, ಅದರ ಮೇಲೆ ಏಳು ಊರು, ಒಂದು ಬೇಸಿಗೆ. ಯಾವ ಪಾಳಿಯಲ್ಲಿ ಯಾವ ಗೇಟು ಎಷ್ಟು ಎತ್ತಬೇಕು ಎಂದು ಆಡುವವನು ಯೋಚಿಸಿ ತೀರ್ಮಾನಿಸಬೇಕು. ಏಳೂ ಊರಿನ ಬೆಳೆ ಉಳಿದರೆ ಗೆದ್ದಂತೆ. ಜನ ಮೆಚ್ಚಿದರು. ಆದರೆ ಎಲ್ಲರದೂ ಒಂದೇ ದೂರು. ಎದುರಾಳಿಯಾಗಿ ಆಡುವ ಕಂಪ್ಯೂಟರ್ ಬಹಳ ಸಾಧು, ಅದನ್ನು ಸೋಲಿಸುವುದರಲ್ಲಿ ಏನೂ ಸ್ವಾರಸ್ಯವಿಲ್ಲ ಎಂದು.

ಹಾಗಾಗಿ ಎರಡನೆಯ ಭಾಗಕ್ಕೆ ನಾನು ಒಂದು ಹೊಸ ನಿಯಮ ಬರೆದೆ. ಬೇಸಿಗೆಯಲ್ಲಿ ಒಂದು ಸಲ ಕಂಪ್ಯೂಟರ್ ಪಾಳಿ ತಪ್ಪಿಸಿ ಮೇಲಿನ ಗೇಟು ಎತ್ತುತ್ತದೆ; ನೀರು ಮೇಲಿನವರ ಹೊಲಕ್ಕೆ ತಿರುಗಿ ಕೆಳಗಿನ ಊರಿಗೆ ತಪ್ಪುತ್ತದೆ. ಯಾವ ದಿನ, ಯಾವ ಊರಿನ ನೀರಿಗೆ ಕೈ ಹಾಕುತ್ತದೆ ಎನ್ನುವುದನ್ನು ದಾಳ ಹಾಕಿದಂತೆ ಅದೇ ಆರಿಸಿಕೊಳ್ಳುತ್ತದೆ. ಜೊತೆಗೆ, ಆಟ ನಮ್ಮ ಕಡೆಯದೇ ಎನಿಸಲಿ ಎಂದು ಒಂದು ನಿಜವಾದ ಕಾಲುವೆಯ ನಕ್ಷೆ, ನಿಜವಾದ ಊರಿನ ಹೆಸರು, ಹಿಂದಿನ ಬೇಸಿಗೆಯ ನಿಜವಾದ ಪಾಳಿಯ ದಿನಗಳನ್ನು ಹಾಕಿದೆ. ಆ ಕಾಲುವೆಯ ಹೆಸರನ್ನಾಗಲಿ ಊರುಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ.

ದಿನಗಳು ನನಗೆ ಸಿಕ್ಕಿದ್ದು ಆ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದ ಒಬ್ಬರಿಂದ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ನಾಲ್ಕು ಭಾನುವಾರ ಅವರ ಗೇಟಿನ ಪಕ್ಕದ ಖೋಲಿಯಲ್ಲಿ ಕೂತು ರಜಿಸ್ಟರಿನಿಂದ ಬರೆದುಕೊಂಡೆ. ಮೊದಲ ಭಾಗವನ್ನು ಅವರಿಗೆ ತೋರಿಸಿದಾಗ ಬಹಳ ಹೊತ್ತು ಪರದೆ ನೋಡಿ, "ಗೇಟು ಹಿಂಗ ಸರ್ ಅಂತ ಏರಂಗಿಲ್ಲೋ ಮಾರಾಯಾ. ಮೂರು ಸುತ್ತು ತಿರುವಿದ್ರ ಒಂದ್ ಬಟ್ಟು ಏರತೈತಿ" ಎಂದಿದ್ದರು. ಎರಡನೆಯ ಭಾಗದಲ್ಲಿ ಗೇಟು ಹಾಗೆಯೇ ನಿಧಾನವಾಗಿ ಏರುತ್ತಿತ್ತು. ಕಾಕಾ ಹದಿನಾಲ್ಕು ವರ್ಷದಿಂದ ದಿನಗೂಲಿ. ಅವರನ್ನು ಖಾಯಂ ಮಾಡುವ ಫೈಲು ಆ ವರ್ಷವೇ ಮೇಲಕ್ಕೆ ಹೋಗುವುದಿತ್ತು. ಇದು ನನಗೆ ಆಗಲೇ ಗೊತ್ತಿತ್ತು ಎನ್ನುವುದನ್ನೂ ಇಲ್ಲಿ ದಾಖಲಿಸಬೇಕು.

ಬುಧವಾರದ ಆ ಪತ್ರಿಕಾಗೋಷ್ಠಿಗೆ ಬರುತ್ತೇನೆ. ಯುಗಾದಿಗೆ ಆಟವನ್ನು ಹೊರತರುವುದು, ಅದಕ್ಕೆ ಮೊದಲೇ ವರದಿಗಾರರಿಗೆ ತೋರಿಸಿ ನಾಲ್ಕು ಒಳ್ಳೆಯ ಮಾತು ಬರೆಸುವುದು ಮಾಲೀಕರ ಯೋಚನೆ. ಉಪ್ಪಿಟ್ಟು, ಚಹಾ ಆಯಿತು. ನಾನು ಟೈಪ್ ಮಾಡಿದ ಪ್ರಕಟಣೆಯನ್ನು ಹಂಚಿದೆ. ಅದರ ಕೊನೆಯ ಸಾಲು ಹೀಗಿತ್ತು: "ಆಟದಲ್ಲಿನ ಎಲ್ಲ ವಿವರಗಳನ್ನು ಕಾಲುವೆಯ ಅಸಲಿ ರಜಿಸ್ಟರಿನಿಂದಲೇ ಪಡೆಯಲಾಗಿದೆ." ಎಲ್ಲ ಎಂದು ಬರೆದವನು ನಾನೇ.

ಕಂಪ್ಯೂಟರ್ ಹಚ್ಚಿ, ಆಟ ತೆರೆದು, ಮೂಡಲಗಿಯವರ ಕೈಗೆ ಮೌಸ್ ಕೊಟ್ಟೆ. ಅವರು ನಾಲ್ವರಲ್ಲಿ ಹಿರಿಯರು. ಈ ಭಾಗದ ವರದಿಗಾರರಲ್ಲಿ ಒಂದು ರೂಢಿಯಿತ್ತು: ಒಬ್ಬರು ಬರೆದುಕೊಳ್ಳುವುದು, ಉಳಿದವರು ಸಂಜೆ ಅದನ್ನೇ ನೋಡಿಕೊಂಡು ತಮ್ಮ ತಮ್ಮ ಪತ್ರಿಕೆಗೆ ಫ್ಯಾಕ್ಸ್ ಮಾಡುವುದು. ಅಂದು ಬರೆದುಕೊಳ್ಳುವ ಸರದಿ ಮೂಡಲಗಿಯವರದು.

"ಇದರಾಗ ಯುದ್ಧ ಇಲ್ಲೇನ್ರಿ?" ಎಂದು ಹಿಂದಿನಿಂದ ಹುಕ್ಕೇರಿಯವರು ಕೇಳಿದರು.

"ನೀರ ಅಂದ್ರ ಯುದ್ಧನ ಅಲ್ಲೇನೋ. ನಿಮ್ಮ ಓಣಿ ನಳದ ಮುಂದ ನಿಂತು ನೋಡು" ಎಂದರು ಮೂಡಲಗಿಯವರು, ಮೌಸಿನ ಬಾಣವನ್ನು ಹುಡುಕುತ್ತ. ಎಲ್ಲರೂ ನಕ್ಕರು.

ಪಾಳಿಗಳು ಒಂದೊಂದಾಗಿ ಸರಿದವು. ಆರನೆಯ ಪಾಳಿಯಲ್ಲಿ ಮೇಲಿನ ಗೇಟು ತಾನಾಗಿ ಎದ್ದಿತು. ಕಾಲುವೆಯ ಕೊನೆಯಲ್ಲಿರುವ ಏಳನೆಯ ಊರಿನ ಹೊಲಗಳು ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿದವು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರು, ತಾರೀಖು, 'ನೀರು ಮುಟ್ಟಿಲ್ಲ' ಎಂಬ ಸಾಲು ಮೂಡಿತು.

ಮೂಡಲಗಿಯವರು ಕನ್ನಡಕ ಸರಿಮಾಡಿಕೊಂಡರು. "ಈ ತಾರೀಖು ಖರೇದೇನ್ರಿ?"

"ಖರೇದ ರೀ. ರಜಿಸ್ಟರ್ ನೋಡೇ ಹಾಕೇವಿ."

"ಅಂದ್ರ ಹೋದ ಬ್ಯಾಸಿಗ್ಯಾಗ ಈ ಊರಿಗೆ ನೀರು ಮುಟ್ಟಿಲ್ಲ. ಮ್ಯಾಲಿನವರು ಗೇಟು ಎತ್ಯಾರ."

ನಾನು ನಕ್ಕೆ. ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಆಟ ಅವರನ್ನು ಅಷ್ಟು ಹಿಡಿದುಕೊಂಡಿತಲ್ಲ ಎಂಬ ಖುಷಿಯಲ್ಲಿದ್ದೆ. ಅವರು ಊರಿನ ಹೆಸರು, ತಾರೀಖು ಬರೆದುಕೊಳ್ಳುವುದನ್ನು ನೋಡಿದೆ. ಪೆನ್ನು ಹಾಳೆಯ ಮೇಲೆ ಓಡಿದ್ದು ಈಗಲೂ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ನಾಲ್ಕು ಪತ್ರಿಕೆಗಳಲ್ಲಿ ಸುದ್ದಿ ಬಂತು. ತಲೆಬರಹ ಬೇರೆ ಬೇರೆ, ಒಳಗಿನ ಮಾತು ಒಂದೇ: ಕಾಲುವೆಯ ರಜಿಸ್ಟರ್ ಆಧರಿಸಿದ ಹೊಸ ಕಂಪ್ಯೂಟರ್ ಆಟದಲ್ಲಿ ನೀರಿನ ಕಳವು ಬಯಲು. ಊರು ಇಂಥದು, ದಿನ ಇಂಥದು, ಗೇಟು ಇಂಥದು. ಆಟ ಹೇಗಿದೆ ಎನ್ನುವುದಕ್ಕೆ ಕೊನೆಯಲ್ಲಿ ಎರಡು ಸಾಲು. 'ಮೊದಲ ಭಾಗಕ್ಕಿಂತ ಚುರುಕಾಗಿದೆ' ಎಂದಿತ್ತು.

ಮಾಲೀಕರು ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಂಡಿದ್ದರು. ಹತ್ತು ಗಂಟೆಯೊಳಗೆ ಸಂಕೇಶ್ವರದಿಂದ, ಬೆಳಗಾವಿಯಿಂದ ಸಿ.ಡಿ. ಯಾವಾಗ ಬರುತ್ತದೆ ಎಂದು ಕೇಳಿ ಫೋನು ಬಂದಿದ್ದವು. "ಇಷ್ಟು ಸುದ್ದಿ ಯಾರಿಗೆ ಸಿಗತೈತಿ ಹೇಳು. ಮುಖ ಯಾಕ ಹಿಂಗ ಮಾಡೀದಿ?" ಎಂದರು.

ಸಂಜೆ ಐದರ ಹೊತ್ತಿಗೆ ಕಾಕಾ ಮೆಟ್ಟಿಲು ಹತ್ತಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಹುಕ್ಕೇರಿಯ ನೀರಾವರಿ ಕಚೇರಿಯ ಸಾಹೇಬರಿಂದ ಬಂದ ನೋಟೀಸು. ರಜಿಸ್ಟರಿನಲ್ಲಿ ಆ ದಿನ ಏಳನೆಯ ಊರಿಗೆ ನೀರು ಪೂರ್ತಿ ಮುಟ್ಟಿದೆ ಎಂದು ನಿನ್ನ ಸಹಿ ಇದೆ. ಮುಟ್ಟಿಲ್ಲ ಎಂದು ಪತ್ರಿಕೆಗಳು ಬರೆದಿವೆ. ಸೋಮವಾರದೊಳಗೆ ಉತ್ತರ ಕೊಡು. ಅಲ್ಲಿಯವರೆಗೆ ಖಾಯಂ ಫೈಲು ತಡೆಹಿಡಿಯಲಾಗಿದೆ.

"ನಾ ಮುಟ್ಟಿಲ್ಲ ಅಂತ ನಿನಗ ಯಾವಾಗ ಹೇಳೀನಿ?" ಎಂದರು. ದನಿ ಏರಿಸಲಿಲ್ಲ.

"ನೀವು ಹೇಳಿಲ್ಲ ಕಾಕಾ. ರಜಿಸ್ಟರ್‌ದಾಗೂ ಇಲ್ಲ. ಅದು ಆಟಕ್ಕ ಅಂತ ನಾ ಹುಟ್ಟಿಸಿದ್ದು."

"ಹುಟ್ಟಿಸಿದ್ದು ಅಂದ್ರ?"

ವಿವರಿಸಿದೆ. ಅವರು ಕೇಳಿಸಿಕೊಂಡು, "ಇದನ್ನ ಸಾಹೇಬ್ರ ಮುಂದ ಹೇಳತಿ?" ಎಂದರು. ಹೇಳುತ್ತೇನೆ ಎಂದೆ. ಮಾಲೀಕರು ಪತ್ರಿಕೆಗಳನ್ನು ಮಡಿಸತೊಡಗಿದರು. ಕಾಕಾ ಹೋದ ಮೇಲೆ, "ಆಟ ಸುಳ್ಳು ಅಂತ ನಾವ ಹೋಗಿ ಹೇಳಿದ್ರ ಯುಗಾದಿಗೆ ಯಾರು ತಗೋತಾರ? ಒಂದ್ ವಾರ ಸುಮ್ಮನಿರು, ತಣ್ಣಗಾಗತೈತಿ" ಎಂದರು. ಸೋಮವಾರಕ್ಕೆ ಮೂರೇ ದಿನವಿತ್ತು. ನಾನು ಮಾರನೆಯ ದಿನ ಮೂಡಲಗಿಯ ಬಸ್ಸು ಹತ್ತಿದೆ.

ಮೂಡಲಗಿಯ ವರದಿಗಾರರಿಗೆ ಸಂತೆಯ ದಾರಿಯಲ್ಲಿ ಸ್ಟೇಶನರಿ ಅಂಗಡಿಯಿತ್ತು. ನನ್ನ ಮಾತು ಮುಗಿಯುವವರೆಗೆ ತಡೆದು, ಡ್ರಾಯರಿನಿಂದ ನಮ್ಮ ಪ್ರಕಟಣೆಯನ್ನು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಯಾರು ಬರದಾರ?"

"ನಾನ ರೀ."

"ನಾ ಎರಡು ಸಲ ಕೇಳಿದೆ. ಖರೇದ ಅಂದ್ರಿ. ಆಮ್ಯಾಲ ನಕ್ರಿ. ನಗೂದನ್ನ ಹೆಂಗ ಬರೀಬೇಕ್ರಿ ನಾನು?"

ಗಿರಾಕಿಯೊಬ್ಬರಿಗೆ ನೋಟುಬುಕ್ಕು ಕೊಟ್ಟು ಬಂದು ಅವರು ಹೇಳಿದ್ದು ಇಷ್ಟು: ಬರೇ ಬಾಯಿಮಾತಿನ ಮೇಲೆ ತಿದ್ದುಪಡಿ ಬರೆಯುವುದಿಲ್ಲ. ಆಟದಲ್ಲಿ ಕಂಡದ್ದು ಸುಳ್ಳು ಎನ್ನುವುದನ್ನು ಸಾಹೇಬರ ಮುಂದೆ ಆಟದಲ್ಲಿಯೇ ತೋರಿಸಬೇಕು. ಸಾಹೇಬರು ಒಪ್ಪಿದರೆ ಬರೆಯುತ್ತೇನೆ; ಉಳಿದ ಮೂವರಿಗೂ ನಾನೇ ಕಳಿಸುತ್ತೇನೆ. "ಸೋಮವಾರ ನಾನೂ ಹುಕ್ಕೇರಿಗೆ ಬರತೇನಿ" ಎಂದರು.

ತೋರಿಸುವುದು ಸುಲಭ ಎಂದುಕೊಂಡಿದ್ದೆ. ಆಟವನ್ನು ಎರಡು ಮೂರು ಸಲ ಆಡಿಸಿದರೆ ಸಾಕು. ಪ್ರತಿ ಸಲ ಬೇರೆ ಊರು ಒಣಗುತ್ತದೆ, ಬೇರೆ ದಿನ ಬರುತ್ತದೆ. ಒಂದೇ ಬೇಸಿಗೆಗೆ ಮೂರು ಬೇರೆ ಬೇರೆ ಕಳವು ಕಂಡ ಮೇಲೆ ಇದು ರಜಿಸ್ಟರಿನ ಮಾತಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಮನೆಯಲ್ಲಿ, ಕೇಂದ್ರದಲ್ಲಿ ನೂರಾರು ಸಲ ಆಡಿದ್ದೆ, ಹಾಗೆಯೇ ಆಗುತ್ತಿತ್ತು.

ಸೋಮವಾರ ಹನ್ನೊಂದು ಗಂಟೆಗೆ ಹುಕ್ಕೇರಿಯ ಕಚೇರಿಯ ಒಳಕೋಣೆಯಲ್ಲಿ ನಾವು ನಾಲ್ವರಿದ್ದೆವು: ಸಾಹೇಬರು, ಕಾಕಾ, ಮೂಡಲಗಿಯವರು, ನಾನು. ಕಾಕಾ ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ. ಸಾಹೇಬರ ಮೇಜಿನ ಮೇಲೆ ಮೂಲ ರಜಿಸ್ಟರ್, ನಾಲ್ಕು ಪತ್ರಿಕೆ, ಇನ್ನೊಂದು ಟೈಪ್ ಮಾಡಿದ ಹಾಳೆ. ಆ ಹಾಳೆಯನ್ನು ಅವರೇ ಓದಿ ಹೇಳಿದರು: ಬರುವ ಪಾಳಿಯಲ್ಲಿ ಕಾಲುವೆಯ ಕೊನೆಗೆ ಒಬ್ಬರನ್ನು ನಿಲ್ಲಿಸಿ ಮುಟ್ಟಿದ ನೀರನ್ನು ಅಳೆಸುವ ಆದೇಶ. ಇನ್ನೂ ಸಹಿ ಮಾಡಿರಲಿಲ್ಲ.

ಸಿ.ಡಿ.ಯಿಂದ ಆಟವನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿ ತೆರೆದೆ. ಆರನೆಯ ಪಾಳಿಯಲ್ಲಿ ಮೇಲಿನ ಗೇಟು ಎದ್ದಿತು. ಏಳನೆಯ ಊರು ಒಣಗಿತು. ಪತ್ರಿಕೆಯಲ್ಲಿ ಬಂದ ಅದೇ ತಾರೀಖು.

"ಒಮ್ಮೊಮ್ಮೆ ಹಂಗ ಆಗತೈತ್ರಿ" ಎಂದೆ. ಅನುಮಾನ ಉಳಿಯಬಾರದೆಂದು ಆಟವನ್ನು ಪೂರ್ತಿ ಮುಚ್ಚಿ, ಮತ್ತೆ ಮೊದಲಿನಿಂದ ತೆರೆದೆ. ಆರನೆಯ ಪಾಳಿ, ಏಳನೆಯ ಊರು, ಅದೇ ತಾರೀಖು. ಈ ಸಲ ಕಂಪ್ಯೂಟರನ್ನೇ ಆರಿಸಿ, ಮತ್ತೆ ಹಚ್ಚಿ, ಅದು ಎದ್ದು ನಿಲ್ಲುವವರೆಗೆ ಕಾದೆವು. ಮೂರನೆಯ ಸಲವೂ ಅದೇ ಊರು ಅದೇ ದಿನ ಒಣಗಿತು.

"ಮೂರು ಸಲಾನೂ ಒಂದ ಮಾತು ಹೇಳತೈತಲ್ರಿ ನಿಮ್ಮ ಸಾಕ್ಷಿ" ಎಂದರು ಸಾಹೇಬರು. ನಗುತ್ತಿರಲಿಲ್ಲ. ಮೂಡಲಗಿಯವರು ಪೆನ್ನಿನ ಮುಚ್ಚಳ ತೆಗೆದರು. ಕಾಕಾ ನನ್ನನ್ನು ನೋಡಲಿಲ್ಲ, ಗೋಡೆಯ ನಕ್ಷೆಯನ್ನು ನೋಡುತ್ತಿದ್ದರು.

ನಾನು ಮಾಡಿದ ಆಟವೇ ನನ್ನ ಮಾತು ಕೇಳುತ್ತಿಲ್ಲ ಎನಿಸಿತು. ಆಮೇಲೆ, ಕೇಂದ್ರದಲ್ಲಿ ನಾನು ಆಡುತ್ತಿದ್ದ ರೀತಿಯನ್ನು ಒಂದೊಂದೇ ಹೆಜ್ಜೆಯಾಗಿ ನೆನಪು ಮಾಡಿಕೊಂಡಾಗ ತಪ್ಪು ತಿಳಿಯಿತು. ಕಂಪ್ಯೂಟರಿಗೆ ನಿಜವಾಗಿ ದಾಳ ಹಾಕಲು ಬರುವುದಿಲ್ಲ. ಅದರಲ್ಲಿ ಕಲಸಿದ ಸಂಖ್ಯೆಗಳ ಉದ್ದನೆಯ ಸಾಲೊಂದಿರುತ್ತದೆ. ಕೇಳಿದಾಗಲೆಲ್ಲ ಮುಂದಿನದನ್ನು ಕೊಡುತ್ತದೆ. ಪ್ರತಿ ಸಲ ಬೇರೆ ಜಾಗದಿಂದ ಶುರುಮಾಡು ಎಂದು ಒಂದು ಸಾಲಿನ ಆಜ್ಞೆ ಬರೆಯದಿದ್ದರೆ, ಆಟವನ್ನು ಮುಚ್ಚಿ ತೆರೆದಾಗಲೆಲ್ಲ ಆ ಸಾಲಿನ ತಲೆಯಿಂದಲೇ ಶುರುವಾಗುತ್ತದೆ. ಆ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಕೇಂದ್ರದಲ್ಲಿ ನಾನು ಆಟವನ್ನು ಮುಚ್ಚದೆ 'ಹೊಸ ಆಟ' ಎಂಬ ಗುಂಡಿ ಒತ್ತುತ್ತಲೇ ಆಡುತ್ತಿದ್ದೆ; ಸಂಖ್ಯೆಗಳು ಮುಂದೆ ಸರಿಯುತ್ತಿದ್ದವು, ಊರುಗಳು ಬದಲಾಗುತ್ತಿದ್ದವು. ಬುಧವಾರವೂ, ಈ ಸೋಮವಾರವೂ, ಎಚ್ಚರಿಕೆಯಿಂದಲೇ, ಹೊಸದಾಗಿ ತೆರೆದಿದ್ದೆ.

ಈಗ ಗುಂಡಿ ಒತ್ತಿದರೆ ಬೇರೆ ಊರು ಬರುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಗಿತ್ತು. ಆದರೆ ಮೂರು ಸಲ ಒಂದು ಮಾತು ಹೇಳಿ ನಾಲ್ಕನೆಯ ಸಲ ಬೇರೆ ಹೇಳಿದರೆ, ನಡುವೆ ನಾನೇನೋ ಕೈಚಳಕ ಮಾಡಿದೆ ಎಂದೇ ಆಗುತ್ತಿತ್ತು. ಮೌಸನ್ನು ಬಿಟ್ಟು ಎದ್ದು ನಿಂತೆ.

"ಸಾಹೇಬ್ರ, ನಾ ಇನ್ನ ಇದನ್ನ ಮುಟ್ಟಂಗಿಲ್ಲ. ನೀವ ಕೂಡ್ರಿ" ಎಂದೆ.

ಏಳು ಊರಿನ ಹೆಸರುಗಳು, ಆಟದ ಜೊತೆ ಕಂಪ್ಯೂಟರಿಗೆ ಇಳಿದ ಬೇರೆಯೇ ಒಂದು ಫೈಲಿನಲ್ಲಿದ್ದವು. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದ್ದೆವು. ಅದನ್ನು ಹೇಗೆ ತೆರೆಯಬೇಕು ಎಂದು ಬಾಯಲ್ಲಿ ಹೇಳಿದೆ. ಏಳನೆಯ ಸಾಲನ್ನು ಅಳಿಸಿ, ಅಲ್ಲಿ ನಿಮಗೆ ತೋಚಿದ ಊರಿನ ಹೆಸರು ಹಾಕಿ ಎಂದೆ. ಸಾಹೇಬರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಆಟವನ್ನು ಅವರೇ ತೆರೆದರು, ಪಾಳಿಗಳನ್ನು ಅವರೇ ನಡೆಸಿದರು. ಆರನೆಯ ಪಾಳಿಯಲ್ಲಿ ಮೇಲಿನ ಗೇಟು ಎದ್ದಿತು, ಹೊಲ ಕಂದಿತು, ಕೆಳಗೆ ಸಾಹೇಬರು ಬರೆದ ಹೆಸರು ಬಂತು. ತಾರೀಖು ಅದೇ.

ಸಾಹೇಬರು ಪರದೆಯ ಕಡೆ ಬಾಗಿದರು. "ಇದು ನಮ್ಮೂರು" ಎಂದರು. "ಗುಡ್ಡದ ಮ್ಯಾಲ ಐತಿ. ನಮ್ಮೂರಿಗೆ ಕಾಲುವೀನ ಇಲ್ಲ."

"ಹಂಗಾದ್ರ ಇಲ್ಲದ ನೀರನ್ನೂ ಕದ್ದಾರ ಅಂತ ಬರೀಲೇನ್ರಿ?" ಎಂದರು ಮೂಡಲಗಿಯವರು. ಸಾಹೇಬರು ಆಗ ನಕ್ಕರು. ಕಾಕಾ ಕುರ್ಚಿಯ ತುದಿಯಲ್ಲಿ ಕೂತರು.

ನಾನು ಬರೆದು ಕೊಟ್ಟ ಹೇಳಿಕೆ ಹೀಗಿತ್ತು: "ಆಟದಲ್ಲಿ ಕಂಡ ನೀರಿನ ಕಳವು ನಾನು ಬರೆದ ನಿಯಮದಿಂದ ಹುಟ್ಟಿದ್ದು, ಯಾವ ದಾಖಲೆಯಿಂದಲೂ ಬಂದದ್ದಲ್ಲ. ಎಲ್ಲ ವಿವರ ರಜಿಸ್ಟರಿನದು ಎಂದು ಪ್ರಕಟಣೆಯಲ್ಲಿ ಬರೆದದ್ದು ನನ್ನ ತಪ್ಪು." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಾಹೇಬರು ಅದನ್ನು ಫೈಲಿಗೆ ಸೇರಿಸಿ, ನೋಟೀಸನ್ನು ರದ್ದು ಮಾಡಿದರು. ಆಮೇಲೆ ನೀರು ಅಳೆಸುವ ಆದೇಶದ ಹಾಳೆಯನ್ನು ತೆಗೆದು, "ಹಂಗಾದ್ರ ಇದೂ ಬ್ಯಾಡ" ಎಂದು ಅದರ ಮೇಲೆ ಅಡ್ಡಗೆರೆ ಎಳೆದರು. ನಾನು ಮೇಜಿನ ಈಚೆ ನಿಂತು ನೋಡುತ್ತಿದ್ದೆ. ಆಗ ನನಗೆ ಅದು ಒಳ್ಳೆಯದೇ ಅನಿಸಿತು.

ಮೂವರೂ ಬಸ್ ನಿಲ್ದಾಣಕ್ಕೆ ನಡೆದೆವು. ಗೋಕಾಕದ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ತಂದು ಬೆಂಚಿನ ಮೇಲೆ ಕೂತೆವು. ನಡುವೆ ನಾನು, ಬಲಕ್ಕೆ ಕಾಕಾ, ಎಡಕ್ಕೆ ಮೂಡಲಗಿಯವರು. ಕಾಕಾ ಚಹಾ ಮುಗಿಸಿದರು. ಆಮೇಲೆ ಲೋಟವನ್ನು ಕೆಳಗಿಟ್ಟು, ನನ್ನ ಕಡೆ ತಿರುಗದೆ ಹೇಳಿದರು.

"ನೀ ಹುಟ್ಟಿಸಿದ್ದಲ್ಲಪಾ ಅದು. ಆ ಪಾಳ್ಯಾಗ ಅಲ್ಲಿಗೆ ಖರೇನ ನೀರು ಹೋಗಿದ್ದಿಲ್ಲ."

ನಾನು ಅವರ ಕಡೆ ತಿರುಗಿದೆ.

"ಅದೊಂದ ಅಲ್ಲ. ಹೋದ ಬ್ಯಾಸಿಗ್ಯಾಗ ನಾಕ್ ಪಾಳಿ ಹಂಗ ಆತು. ಮ್ಯಾಲಿನವ್ರು ಹತ್ತು ಮಂದಿ ಬಂದು ಗೇಟು ಎತ್ತತಾರ. ನಾ ಒಬ್ಬಾವ ಏನ್ ಮಾಡ್ಲಿ? ಮುಟ್ಟಿಲ್ಲ ಅಂತ ಬರದ್ರ ಸಾಹೇಬ್ರು ನನ್ನ ಕೇಳತಾರ. ಮುಟ್ಟೈತಿ ಅಂತ ಬರದ್ರ ಯಾರೂ ಕೇಳಂಗಿಲ್ಲ."

"ನನಗ ಮೊದಲ ಯಾಕ ಹೇಳ್ಲಿಲ್ಲ ಕಾಕಾ?"

"ಮೊದಲ ಹೇಳಿದ್ರ ನೀ ಒಳಗ ಹಂಗ ಮಾತಾಡತಿದ್ದ್ಯಾ?"

ಕಚೇರಿ ಅಲ್ಲಿಂದ ಹತ್ತು ನಿಮಿಷದ ದಾರಿ. ಹಿಂದಿರುಗಿ ಹೋಗಿ, ಅಳೆಸುವ ಆದೇಶವನ್ನು ಮಾತ್ರ ಉಳಿಸಿ ಎನ್ನಬಹುದಿತ್ತು. ಯಾಕೆ ಎಂದು ಸಾಹೇಬರು ಕೇಳುತ್ತಿದ್ದರು. ಏನು ಹೇಳಿದರೂ ಅದು ರಜಿಸ್ಟರಿಗೆ, ಅದರ ಕೆಳಗಿನ ಸಹಿಗೆ, ಹದಿನಾಲ್ಕು ವರ್ಷದ ದಿನಗೂಲಿಗೆ ಬಂದು ನಿಲ್ಲುತ್ತಿತ್ತು. ಏಳನೆಯ ಊರಿನ ಯಾರೊಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ; ಪರದೆಯ ಮೇಲೆ ಅದು ಒಂದು ಹಸಿರು ಚೌಕ. ಕಾಕಾ ನನ್ನ ಪಕ್ಕದಲ್ಲಿ ಕೂತಿದ್ದರು. ಗೋಕಾಕದ ಬಸ್ಸು ಬಂದಾಗ ಎದ್ದು ಹತ್ತಿದೆ.

ತಿದ್ದುಪಡಿ ನಾಲ್ಕೂ ಪತ್ರಿಕೆಗಳಲ್ಲಿ ಬಂತು, ಒಳಪುಟದಲ್ಲಿ, ಒಂದೇ ಮಾತಿನಲ್ಲಿ: ಆಟದಲ್ಲಿನ ಘಟನೆ ಕೇವಲ ಕಲ್ಪನೆ. ನಾನು ಊರಿನ ಹೆಸರು, ನಕ್ಷೆ, ತಾರೀಖು ಎಲ್ಲ ತೆಗೆದು ಒಂದು, ಎರಡು, ಮೂರು ಎಂದು ಹಾಕಿದೆ. ಬಿಟ್ಟುಹೋಗಿದ್ದ ಒಂದು ಸಾಲನ್ನೂ ಸೇರಿಸಿದೆ. ಯುಗಾದಿಗೆ ಆಟ ಹೊರಬಂದಾಗ ಬರೆದವರು ಕಡಿಮೆ. ಬರೆದವರು ಎಲ್ಲಿಯದೂ ಅಲ್ಲದ ಕಾಲುವೆ ಎಂದರು. ಮಾಲೀಕರು ಮೂರನೆಯ ಭಾಗದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಕಾ ಮರುವರ್ಷ ಖಾಯಂ ಆದರು. ಆ ಬೇಸಿಗೆ ಕಾಲುವೆಯ ಕೊನೆಗೆ ನೀರು ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಲು ಹೋಗಲಿಲ್ಲ.

ಹುಕ್ಕೇರಿಯ ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಸಾಹೇಬರು ವರ್ಗವಾಗಿ ಹೋದರು, ನಿವೃತ್ತರಾದ ಕೆಲವು ವರ್ಷಕ್ಕೆ ತೀರಿಕೊಂಡರು. ಕಾಕಾ ಕೂಡ ಈಗಿಲ್ಲ. ಅವರಿದ್ದಾಗ ಇದನ್ನು ಬರೆಯುವ ಹಾಗಿರಲಿಲ್ಲ. ಉಳಿದವರು ನಾನು, ಮತ್ತು ಬೆಂಚಿನ ಎಡತುದಿಯಲ್ಲಿ ಕೂತಿದ್ದ ಮೂಡಲಗಿಯ ವರದಿಗಾರರು. ಕಾಕಾ ಆಡಿದ ಪ್ರತಿ ಮಾತನ್ನೂ ಅವರು ಕೇಳಿಸಿಕೊಂಡರು. ಚಹಾ ಪೂರ್ತಿ ಕುಡಿದರು. ಪೆನ್ನನ್ನು ಜೇಬಿನಿಂದ ತೆಗೆಯಲಿಲ್ಲ. ಅವರು ಈಗಲೂ ಮೂಡಲಗಿಯಲ್ಲಿದ್ದಾರೆ, ಕಿವಿ ಚೆನ್ನಾಗಿ ಕೇಳಿಸುತ್ತದೆ; ಬೇಕಾದವರು ಹೋಗಿ ಕೇಳಬಹುದು.